ಗೃಹಪ್ರವೇಶದ ಫೋಟೋದಲ್ಲಿ ಬಿದ್ದ ಬಿಳಿ ವೃತ್ತಗಳು

ಅತ್ತೆ, ನೀವು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋಗಳನ್ನ ಈಗಷ್ಟೇ ನೋಡಿದೆ. ಇಷ್ಟೆಲ್ಲ ಟೈಪ್ ಮಾಡೋಕಾಗಲ್ಲ, ವಾಯ್ಸ್‌ನಲ್ಲೇ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳಿ. ಹೋಮ ಆದ ಮೇಲೆ ಹಾಲ್‌ನಲ್ಲಿ ಎಲ್ಲರೂ ನಿಂತಿದ್ದೀರಲ್ಲ, ತಲೆ ಮೇಲೆ ಬಿಳಿ ವೃತ್ತಗಳು ತೇಲ್ತಿವೆ, ಮನೇಲಿ ಏನೋ ಸೇರ್ಕೊಂಡಿದೆ, ಶಾಂತಿ ಮಾಡಿಸ್ಬೇಕು ಅಂತ ಯಾರೋ ಹೇಳಿದಾರೆ ಅಂದ್ರಿ. ಹೆದರ್ಕೋಬೇಡಿ ಅತ್ತೆ, ಅದು ಧೂಳು.

ಹೊಸ ಮನೆ. ಗೋಡೆ ಉಜ್ಜಿದ ಪುಟ್ಟಿ ಪುಡಿ ಇನ್ನೂ ಗಾಳೀಲಿದೆ, ಜೊತೆಗೆ ಹೋಮದ ಬೂದಿ, ರಂಗೋಲಿ ಪುಡಿ, ಅಷ್ಟೊಂದು ಜನರ ಓಡಾಟ. ಅದರಲ್ಲೊಂದು ಕಣ ಲೆನ್ಸ್ ಮುಂದೆ ನಾಲ್ಕು ಬೆರಳಷ್ಟು ದೂರದಲ್ಲಿ ಬಂದ್ರೆ ಸಾಕು. ಫ್ಲ್ಯಾಶ್ ಬೆಳಕು ದೂರ ಹೋಗ್ತಾ ಬಹಳ ಬೇಗ ಕಮ್ಮಿಯಾಗತ್ತೆ, ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯತ್ತೆ. ನೀವು 2 ಮೀಟರ್ ದೂರದಲ್ಲಿದ್ರಿ, ಕಣ 5 ಸೆಂಟಿಮೀಟರ್‌ನಲ್ಲಿತ್ತು ಅಂತಿಟ್ಕೊಳ್ಳಿ. ಲೆಕ್ಕ ಹಾಕಿದ್ರೆ ನಿಮ್ಮ ಮೇಲೆ ಬಿದ್ದಿದ್ದರ ಸುಮಾರು 1600 ಪಟ್ಟು ಬೆಳಕು ಅದರ ಮೇಲೆ ಬೀಳತ್ತೆ! ಫೋಕಸ್ ನಿಮ್ಮ ಮುಖದ ಮೇಲಿರತ್ತೆ, ಹಾಗಾಗಿ ಕಣ ಮಸುಕಾಗಿ ದುಂಡಗೆ ಹರಡ್ಕೊಳ್ಳತ್ತೆ. ಆ ದುಂಡು ಧೂಳಿನ ಆಕಾರ ಅಲ್ಲ, ಲೆನ್ಸ್ ಒಳಗೆ ಬೆಳಕು ಬಿಡೋ ಕಿಂಡಿಯ ಆಕಾರ. ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ಬಲಗಡೆ ಮೇಲಿನ ಮೂಲೇಲಿರೋ ವೃತ್ತದ ಒಂದು ಬದಿ ಕತ್ತರಿಸಿದ ಹಾಗಿದೆ. ಮೂಲೆಗೆ ಓರೆಯಾಗಿ ಬರೋ ಬೆಳಕನ್ನ ಲೆನ್ಸಿನ ಅಂಚು ತಡೆಯತ್ತೆ, ಅದಕ್ಕೇ ಹಾಗೆ. ಒಳಗೆ ಮುಖ ಕಾಣತ್ತೆ ಅಂತ ಭಾವ ಬರೆದಿದ್ರು. ಕಲೆಗಳಲ್ಲಿ ಕಣ್ಣು ಮೂಗು ಹುಡುಕೋದು ನಮ್ಮೆಲ್ಲರ ಮನಸ್ಸಿನ ಸ್ವಭಾವ ಭಾವ.

ಇನ್ನೊಂದು ಗಮನಿಸಿ. ವೃತ್ತ ಬಂದಿರೋದೆಲ್ಲ ಮಾವನ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ. ಫೋಟೋಗ್ರಾಫರ್ ಅದೇ ಹೊತ್ತಲ್ಲಿ ತೆಗೆದಿದ್ದರಲ್ಲಿ ಒಂದೂ ಇಲ್ಲ. ಅವರ ಫ್ಲ್ಯಾಶ್ ಕ್ಯಾಮೆರಾದ ಮೇಲೆ ಎತ್ತರದಲ್ಲಿತ್ತು, ಲೆನ್ಸ್ ಎದುರಿನ ಕಣದಿಂದ ಬೆಳಕು ನೇರ ವಾಪಸ್ ಬರಲ್ಲ. ಮಾವನದರಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡೇ ಇದೆ. ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ನೀರಿನೊಳಗೆ ಫೋಟೋ ತೆಗೆಯೋರಿಗೂ ಇದೇ ಕಾಟ, ತೇಲೋ ಕಣಗಳೆಲ್ಲ ಬಿಳಿ ಚುಕ್ಕೆಯಾಗಿ ಬೀಳ್ತವೆ. ಅದನ್ನ ಬ್ಯಾಕ್‌ಸ್ಕ್ಯಾಟರ್ ಅಂತಾರೆ. ತಪ್ಪಿಸೋಕೆ ಫ್ಲ್ಯಾಶನ್ನ ಉದ್ದ ಸರಳುಗಳಿಗೆ ಕಟ್ಟಿ ಲೆನ್ಸಿಂದ ದೂರ ಇಡ್ತಾರೆ.

ಇವತ್ತು ರಾತ್ರಿ ನೀವೇ ಮಾಡಿ ನೋಡಿ. ಲೈಟ್ ಆರಿಸಿ, ಹಳೇ ಜಮಖಾನ ಒಂದ್ಸಲ ಕೊಡವಿ, ಮಾವನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿ ನಾಲ್ಕೈದು ಫೋಟೋ ತೆಗೀರಿ. ಒಂದರಲ್ಲಿದ್ದ ವೃತ್ತ ಇನ್ನೊಂದರಲ್ಲಿ ಇರಲ್ಲ, ಕಣ ಅಷ್ಟರಲ್ಲಿ ಜಾಗ ಬದಲಾಯಿಸಿರತ್ತೆ. ಆಮೇಲೆ ಲೈಟ್ ಹಾಕಿ, ಫ್ಲ್ಯಾಶ್ ಇಲ್ಲದೆ ತೆಗೀರಿ, ಆ ವೃತ್ತಗಳು ಕಾಣಲ್ಲ. ನಮ್ಮ ಮನೇಲಿ ಮಾಡಿದ್ದನ್ನ ಈಗಲೇ ಗ್ರೂಪಿಗೆ ಹಾಕ್ತೀನಿ.

ದೇವರ ಮೇಲಿನ ಭಕ್ತಿಗೆ ಪೂಜೆ ಮಾಡಿಸೋದಾದ್ರೆ ಖಂಡಿತ ಮಾಡಿಸಿ, ನಾವೂ ಬರ್ತೀವಿ. ಆದ್ರೆ ಈ ಫೋಟೋ ತೋರಿಸಿ ಶಾಂತಿಗೆ ಅಡ್ವಾನ್ಸ್ ಕೇಳ್ತಿರೋರಿಗೆ ಒಂದು ರೂಪಾಯೀನೂ ಕೊಡಬೇಡಿ. ಅತ್ತಿಗೆ ಮಗುವನ್ನ ಕರ್ಕೊಂಡು ತವರಿಗೆ ಹೋಗ್ತೀನಿ ಅಂದಿದ್ದಾರಂತೆ, ಮೊದಲು ಅವರಿಗೆ ಇದನ್ನ ಕೇಳಿಸಿ.