‘ಕಾಂಪಿಟೆಂಟ್ ಪರ್ಸನ್’ಗೆ ಕನ್ನಡದಲ್ಲಿ ಏನು ಹೇಳುದು? ಅರ್ಹ, ಸಕ್ಷಮ, ಬಲ್ಲವ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರದಿಂದ ಬರೀತಾ ಇದ್ದೇನೆ. ನನ್ನ ಅಕ್ಕನ ಮಗ ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರೀಷಿಯನ್ ಮುಗಿಸಿ ಈಗ ಇಂಗ್ಲೆಂಡಲ್ಲಿ ಒಂದು ಕಟ್ಟಡದ ಮೈಂಟೆನೆನ್ಸ್ ಕೆಲಸದಲ್ಲಿದ್ದಾನೆ. ಅಲ್ಲಿ ಪ್ಯಾಟ್ ಟೆಸ್ಟಿಂಗ್ ಅಂತ ಕಲೀಲಿಕ್ಕುಂಟಂತೆ, ಅಂದ್ರೆ ಕೆಟ್ಲು, ಹೀಟರು, ಡ್ರಿಲ್ಲು, ಎಕ್ಸ್‌ಟೆನ್ಷನ್ ಬೋರ್ಡು ಹೀಗೆ ಪ್ಲಗ್ ಹಾಕಿ ಉಪಯೋಗಿಸುವ ಸಾಮಾನನ್ನು ಒಂದೊಂದೇ ನೋಡಿ, ಮೀಟರ್ ಹಿಡಿದು, ಸರಿ ಉಂಟಾ ಇಲ್ವಾ ಹೇಳುದು. ಹತ್ತರವರೆಗೆ ಕನ್ನಡ ಮೀಡಿಯಂ ಹುಡುಗ, ನೋಟ್ಸ್ ಸ್ವಲ್ಪ ಕನ್ನಡದಲ್ಲಿ ಬರೆದು ಕೊಡಿ ಮಾವ ಅಂದ. ಕೂತೆ, ಎರಡನೇ ಪುಟದಲ್ಲೇ ‘ಕಾಂಪಿಟೆಂಟ್ ಪರ್ಸನ್’ ಅನ್ನುವ ಮಾತಿಗೆ ಸಿಕ್ಕಿಹಾಕಿಕೊಂಡೆ.

ಅಲ್ಲಿ ಕೆಲಸದ ಜಾಗದ ಕರೆಂಟಿನ ಬಗ್ಗೆ 1989ರ ಕಾನೂನು ಉಂಟು. ಅದರ 16ನೇ ನಿಯಮದ ಸಾರ ಇಷ್ಟೇ: ಅಪಾಯ ಆಗದ ಹಾಗೆ ನೋಡ್ಲಿಕ್ಕೆ ಯಾವ ಕೆಲಸಕ್ಕೆ ತಾಂತ್ರಿಕ ತಿಳುವಳಿಕೆಯೋ ಅನುಭವವೋ ಬೇಕೋ ಆ ಕೆಲಸಕ್ಕೆ ಅದು ಇಲ್ಲದವರು ಕೈಹಾಕಬಾರದು, ಹಾಕುದಾದ್ರೆ ಮೇಲೆ ನೋಡಿಕೊಳ್ಳುವವರು ಬೇಕು. ಇಂಥ ಸರ್ಟಿಫಿಕೇಟೇ ಆಗ್ಬೇಕು ಅಂತ ಹೇಳುದಿಲ್ಲ. ಸಿಟಿ ಆಂಡ್ ಗಿಲ್ಡ್ಸ್ 2377 ಅಂತ ಕೋರ್ಸ್ ಉಂಟು, ತುಂಬಾ ಜನ ಮಾಡ್ತಾರೆ, ಆದ್ರೆ ಕಾನೂನಿನ ಕಡ್ಡಾಯ ಅಲ್ಲ. ಅಂದ್ರೆ ಕ್ವಾಲಿಫಿಕೇಷನ್ ಬೇರೆ, ಕಾಂಪಿಟೆನ್ಸ್ ಬೇರೆ. ನಾನು ಎರಡಕ್ಕೂ ‘ಅರ್ಹತೆ’ ಅಂತ ಬರೆದುಬಿಟ್ಟಿದ್ದೆ!

ಈಗ ನನ್ನ ಕಷ್ಟ ಕೇಳಿ. ‘ಅರ್ಹತೆ’ ಅಂದ ಕೂಡ್ಲೆ ನಮ್ಮ ತಲೆಗೆ ಬರುದು ವಿದ್ಯಾರ್ಹತೆ, ಕಾಗದ. ‘ಯೋಗ್ಯತೆ’ ಹಾಕುವ ಅಂದ್ರೆ ಕಾಸರಗೋಡಲ್ಲಿ ಮಲಯಾಳದ ಪ್ರಭಾವ, ಅವರಿಗೆ ವಿದ್ಯಾಭ್ಯಾಸ ಯೋಗ್ಯತ ಅಂದ್ರೆ ಅದೇ ಪಾಸಾದ ಕಾಗದ, ಮತ್ತೆ ಕನ್ನಡದಲ್ಲಿ ಯೋಗ್ಯತೆ ಅಂದ್ರೆ ಬೈಗುಳದ ವಾಸನೆಯೂ ಉಂಟು. ‘ಸಕ್ಷಮ’ ಒಬ್ಬರು ಸೂಚಿಸಿದ್ರು. ಸಕ್ಷಮ ಪ್ರಾಧಿಕಾರ ಅಂತ ಸರ್ಕಾರಿ ಕಾಗದದಲ್ಲಿ ಓದಿ ಓದಿ ಆ ಶಬ್ದಕ್ಕೆ ಅಧಿಕಾರದ ಅರ್ಥವೇ ಅಂಟಿದೆ, ‘ಸಕ್ಷಮ ವ್ಯಕ್ತಿ’ ಅಂದ್ರೆ ಸೀಲು ಸಹಿ ಹಾಕುವವ ಅಂತಲೇ ಅನಿಸ್ತದೆ. ‘ನುರಿತ’ದಲ್ಲಿ ಅನುಭವ ಉಂಟು, ಆದ್ರೆ ತಿಳುವಳಿಕೆ ಉಂಟು ಅಂತ ಗ್ಯಾರಂಟಿ ಇಲ್ಲ.

ಇದು ಬರೀ ಶಬ್ದದ ಹಠ ಅಲ್ಲ. ಇಂಗ್ಲೆಂಡಿನ ಪ್ಲಗ್ಗಿನ ಒಳಗೆ ಫ್ಯೂಸ್ ಇರ್ತದೆ. 3 ಆಂಪಿಯರಿಂದು ಇರಬೇಕಾದ ಟೇಬಲ್ ಲ್ಯಾಂಪಿಗೆ ಯಾರೋ 13ರದ್ದು ಹಾಕಿದ್ರೆ ಮೀಟರು ಪಾಸ್ ಅಂತಲೇ ತೋರಿಸ್ಬಹುದು, ಬಿಚ್ಚಿ ನೋಡಿದವನಿಗೆ ಮಾತ್ರ ಗೊತ್ತಾಗ್ತದೆ. ಚೌಕದೊಳಗೆ ಚೌಕದ ಗುರುತು ಇದ್ದ ಸಾಮಾನಿಗೆ ಡಬಲ್ ಇನ್ಸುಲೇಷನ್, ಅರ್ತ್ ವಯರೇ ಅದರ ರಕ್ಷಣೆ ಅಲ್ಲ, ಅದನ್ನು ತಿಳಿಯದೆ ಅರ್ತ್ ಟೆಸ್ಟ್ ಮಾಡಿ ಫೇಲ್ ಅಂತ ಬರೆದ್ರೆ ಒಳ್ಳೆ ಸಾಮಾನು ಗುಜರಿಗೆ. ಹೆಚ್ಚಿನ ದೋಷ ಕಣ್ಣಿಗೇ ಕಾಣುವಂಥದ್ದು, ಸುಟ್ಟ ಪಿನ್ನು, ಸೀಳಿದ ವಯರು.

ಊರಲ್ಲಿ ಒಂದು ಕಾರ್ಯಕ್ರಮಕ್ಕೆ ಬಾಡಿಗೆಗೆ ತಂದ ಗ್ರೈಂಡರು ಶಾಕ್ ಹೊಡೀತಿತ್ತು, ವಯರ್‌ಮ್ಯಾನ್ ಪರ್ಮಿಟ್ ಇದ್ದವರು ಬಂದು ಬೋರ್ಡು ನೋಡಿ ಸರಿ ಉಂಟು ಅಂತ ಹೋದ್ರು. ಅಡುಗೆಗೆ ಬಂದ ಅಣ್ಣ ಒಬ್ಬರು ಗ್ರೈಂಡರನ್ನು ಆಚೆ ಸರಿಸಿ, ಅಡಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಜಾಯಿಂಟು ನೀರಲ್ಲಿ ಬಿದ್ದದ್ದನ್ನು ತೋರಿಸಿದ್ರು. ಪರ್ಮಿಟ್ ಬೇಡ ಅಂತ ನಾನು ಹೇಳುದಲ್ಲ, ವಯರಿಂಗಿಗೆ ಅದು ಬೇಕೇ ಬೇಕು. ಆದ್ರೆ ಆ ದಿನ ಬೇಕಾದದ್ದಕ್ಕೆ ಬೇರೆಯೇ ಹೆಸರು ಬೇಕು, ಅಲ್ವಾ?

ಆ ಹೆಸರು ನಮ್ಮಲ್ಲೇ ಉಂಟು ಅಂತ ನನಗೀಗ ಅನಿಸ್ತದೆ. ‘ಬಲ್ಲವರು’. ಬಲ್ಲ ಅನ್ನುದರಲ್ಲಿ ತಿಳಿದದ್ದೂ ಉಂಟು (ಬಲ್ಲವನೇ ಬಲ್ಲ ಬೆಲ್ಲದ ರುಚಿಯ), ಮಾಡ್ಲಿಕ್ಕಾಗುದೂ ಉಂಟು, ಈಜಬಲ್ಲ ಅಂದ ಹಾಗೆ. ಮನೆಯಲ್ಲಿ ನಾವು ಹವ್ಯಕರು ‘ಅವಂಗೆ ಅರಡಿಗು’ ಹೇಳ್ತೇವೆ, ಮಲಯಾಳದವರ ‘ಅರಿಯಾಂ’ ಕೂಡ ಹಾಗೇ, ಗೊತ್ತುಂಟು ಮತ್ತು ಮಾಡ್ಲಿಕ್ಕೆ ಬರ್ತದೆ ಎರಡೂ ಒಂದೇ ಮಾತಲ್ಲಿ. ಹಾಗಾಗಿ ನೋಟ್ಸಲ್ಲಿ ಸದ್ಯಕ್ಕೆ ‘ಕೆಲಸ ಬಲ್ಲವರು’ ಅಂತ ಹಾಕಿದ್ದೇನೆ, ಬಹುವಚನ ಆದ್ರೆ ಗಂಡು ಹೆಣ್ಣು ಇಬ್ಬರಿಗೂ ಆಗ್ತದೆ. ಸರ್ಟಿಫಿಕೇಟಿಗೆ ಮಾತ್ರ ‘ಅರ್ಹತೆ’.

ಉಳಿದದ್ದು ‘ಕಾಂಪಿಟೆನ್ಸ್’ ಅನ್ನುವ ಗುಣಕ್ಕೆ ನಾಮಪದ. ‘ಬಲ್ಲತನ’ ಅಂದ್ರೆ ಕಿವಿಗೆ ಹಿತ ಇಲ್ಲ. ಹಳೆಗನ್ನಡದ ‘ಬಲ್ಮೆ’ ಚಂದ ಉಂಟು, ಆದ್ರೆ ಸ್ಕ್ರೂಡ್ರೈವರ್ ಹಿಡಿದ ಹುಡುಗನಿಗೆ ಅದರ ಅರ್ಥವನ್ನೂ ನಾನೇ ಬರೆದು ಕೊಡ್ಬೇಕಾಗ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಹೊಸೂರು ಕಡೆಯವರು ಇಲ್ಲಿದ್ರೆ ದಯವಿಟ್ಟು ಹೇಳಿ, ಮೋಟರು ರಿಪೇರಿ ಅಂಗಡಿಯಲ್ಲಿ ‘ಇವನ ಕೈಗೆ ಕೊಡ್ಬಹುದು’ ಅಂತ ನಂಬುವ ಆ ಗುಣಕ್ಕೆ ನಿಮ್ಮಲ್ಲಿ ಏನಂತಾರೆ?