ವೃದ್ಧಾಶ್ರಮದ ಕೋಣೆಯಲ್ಲಿ ಕ್ಯಾಮೆರಾ: ಅಮ್ಮನ ಒಪ್ಪಿಗೆ ಬೇಡವೇ?

ಪ್ರಶ್ನೆ

ಪಾರ್ಶ್ವವಾಯು ಹೊಡೆದ ನಂತರ ನಮ್ಮ ತಾಯಿಯವರು ಮೈಸೂರಿನ ಒಂದು ಖಾಸಗಿ ವೃದ್ಧಾಶ್ರಮದಲ್ಲಿದ್ದಾರೆ. ಮಾತು ತೊದಲುತ್ತದೆ, ಬುದ್ಧಿ ಚುರುಕಾಗಿಯೇ ಇದೆ. ಸುರಕ್ಷತೆಯ ಕಾರಣ ಹೇಳಿ ಈಗ ಅವರ ಕೋಣೆಗೆ ಸಿಸಿಟಿವಿ ಹಾಕಿದ್ದಾರೆ. ಸೀರೆ ಉಡಿಸುವುದು, ಡೈಪರ್ ಬದಲಿಸುವುದು ಎಲ್ಲವೂ ಅದರ ಎದುರಿಗೇ ನಡೆಯುತ್ತದೆ. ಹುಟ್ಟುಹಬ್ಬದ ನೆಪದಲ್ಲಿ ಊಟ ಹಾಕಿಸಲು ಬರುವ ದಾನಿಗಳು ಹಿರಿಯರನ್ನು ಸಾಲಾಗಿ ಕೂರಿಸಿ, ಕೈಗೆ ತಟ್ಟೆ ಕೊಟ್ಟು ಫೋಟೊ ತೆಗೆದು ಫೇಸ್‌ಬುಕ್‌ಗೆ ಹಾಕುತ್ತಾರೆ. ಸೇರಿಸುವಾಗ ನಾನು ಸಹಿ ಮಾಡಿದ ಅರ್ಜಿಯಲ್ಲಿ ಎಲ್ಲದಕ್ಕೂ ಒಪ್ಪಿಗೆ ಇದೆಯೆಂದು ಆಡಳಿತದವರು ಹೇಳುತ್ತಾರೆ. ನನ್ನ ಸಹಿ ಅಮ್ಮನ ಒಪ್ಪಿಗೆಯಾಗುತ್ತದೆಯೇ?

ಉತ್ತರ 1 (ವಕೀಲೆ, ಬೆಂಗಳೂರು)

ಆಗುವುದಿಲ್ಲ. ತಾಯಿಯವರಿಗೆ ತಿಳಿವಳಿಕೆ ಇರುವಾಗ ಒಪ್ಪಿಗೆ ಕೊಡಬೇಕಾದವರು ಅವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆದರೆ ಆ ಹಕ್ಕನ್ನು ಮುಖ್ಯವಾಗಿ ಸರ್ಕಾರದ ವಿರುದ್ಧ ಚಲಾಯಿಸಬಹುದೇ ಹೊರತು ಖಾಸಗಿ ಸಂಸ್ಥೆಯ ವಿರುದ್ಧ ನೇರವಾಗಿ ಬಳಸುವುದು ಸುಲಭವಲ್ಲ. ನಿಮ್ಮ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಉದ್ದೇಶಪೂರ್ವಕವಾಗಿ ಸೆರೆಹಿಡಿದರೆ ಅಥವಾ ಹರಡಿದರೆ 3 ವರ್ಷಗಳವರೆಗೆ ಜೈಲು, 2 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೊದಲು ಆಡಳಿತಕ್ಕೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಿರಿಯ ನಾಗರಿಕರ ಸಹಾಯವಾಣಿ 14567ರಲ್ಲಿಯೂ ಮಾರ್ಗದರ್ಶನ ಸಿಗುತ್ತದೆ.

ಉತ್ತರ 2

ನನಗೆ ಭಿನ್ನಾಭಿಪ್ರಾಯವಿದೆ. ಮರೆವಿನ ಕಾಯಿಲೆಯಿರುವ ನಮ್ಮ ತಂದೆಯವರು ರಾತ್ರಿ ಬಿದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಕೋಣೆಯಲ್ಲಿ ಕ್ಯಾಮೆರಾ ಬಂದ ಮೇಲೆಯೇ ಮನೆಯವರು ನೆಮ್ಮದಿಯಾಗಿದ್ದೇವೆ.

ಉತ್ತರ 3 (ನಿವೃತ್ತ ಶುಶ್ರೂಷಕಿ)

ಮೇಲಿನವರ ಆತಂಕ ಸಹಜವೇ. ಆದರೆ ಬೀಳುವುದನ್ನು ಕ್ಯಾಮೆರಾ ತಡೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಸಾಕಷ್ಟು ಆಯಾಗಳಿರಬೇಕು, ಕರೆಗಂಟೆ ಕೈಗೆಟುಕುವಂತಿರಬೇಕು. ಕ್ಯಾಮೆರಾ ಬೇಕೇ ಬೇಕೆಂದರೆ ಪಡಸಾಲೆಯಲ್ಲಿ ಇರಲಿ. ಕೋಣೆಯೊಳಗೆ ಹಾಕುವುದಾದರೆ ಜೊತೆಯಲ್ಲಿರುವವರನ್ನೂ ಕೇಳಬೇಕು, ಮೈ ಒರೆಸುವ ಹೊತ್ತಿಗೆ ಅದನ್ನು ಮುಚ್ಚಬೇಕು, ಮಾನಿಟರ್ ಯಾರ ಮೇಜಿನ ಮೇಲಿದೆ ಎಂಬುದನ್ನೂ ವಿಚಾರಿಸಬೇಕು. ಸಂದರ್ಶಕರ ಕಣ್ಣಿಗೆ ಬೀಳುವ ಪರದೆಯಲ್ಲಿ ಹಿರಿಯರ ಮೈ ಕಾಣುವುದು ನನಗಂತೂ ಸಹಿಸಲಾಗದ ಸಂಗತಿ. ಮಂಚಗಳ ನಡುವೆ ಪರದೆ ಎಳೆಯುವುದು, ಮಲಮೂತ್ರದ ವಿಚಾರವನ್ನು ಬಂದವರ ಮುಂದೆ ಕೂಗಿ ಹೇಳದಿರುವುದು, ಇವಕ್ಕೆ ಯಾವ ಖರ್ಚೂ ಇಲ್ಲ. ಮನವಿ ಬರೆಯುವ ಮುನ್ನ ತಾಯಿಯವರ ಬಳಿ ಕುಳಿತು, ಕ್ಯಾಮೆರಾ ಬೇಕೇ, ಫೋಟೊ ಬೇಕೇ ಎಂದು ಒಂದೊಂದಾಗಿ ಕೇಳಿ. ಮಾತು ತಡವರಿಸಿದರೆ ತಲೆಯಾಡಿಸಿ ಉತ್ತರಿಸಲು ಸಮಯ ಕೊಡಿ, ಆ ಉತ್ತರವನ್ನೇ ಮನವಿಯಲ್ಲಿ ಬರೆದು ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ.