ಅಪ್‌ಡೇಟ್: ಲಂಡನ್‌ನಲ್ಲಿ ಅಪ್ಪಾಜಿ ಏನು ತಿಂದರು?

ದಾವಣಗೆರೆಯಿಂದ ಅಪ್ಪಾಜಿಯನ್ನು ಕರೆದುಕೊಂಡು ಲಂಡನ್‌ಗೆ ಹೋಗುತ್ತಿದ್ದೇನೆ, ಅವರು ಪಕ್ಕಾ ಸಸ್ಯಾಹಾರಿ, ಊಟಕ್ಕೆ ಎಲ್ಲಿ ಹೋಗಲಿ ಅಂತ ಹೋದ ತಿಂಗಳು ಕೇಳಿದ್ದೆ. ವಾಪಸ್ ಬಂದೆವು.

ಫ್ಯಾರಿಂಗ್ಡನ್ ರಸ್ತೆಯ ‘ದಿ ಈಗಲ್’ಗೆ ನಾನೊಬ್ಬನೇ ಹೋದೆ. 1991ರಲ್ಲಿ ಶುರುವಾದ ಇದನ್ನೇ ಮೊದಲ ಗ್ಯಾಸ್ಟ್ರೋಪಬ್ (ಕುಡಿಯೋದರ ಜೊತೆ ಒಳ್ಳೆ ಊಟಕ್ಕೂ ಹೆಸರಾದ ಪಬ್) ಅಂತಾರೆ. ಮೆನು ಕಪ್ಪು ಹಲಗೆ ಮೇಲೆ, ಅಡುಗೆ ಕಣ್ಣೆದುರೇ. ನನಗಂತೂ ಹಬ್ಬ.

ಭಾನುವಾರ ಇನ್ನೊಂದು ಪಬ್‌ಗೆ ಅಪ್ಪಾಜಿಯೂ ಬಂದರು. ಸಂಡೇ ರೋಸ್ಟ್ ಅನ್ನೋ ಅಲ್ಲಿನ ಭಾನುವಾರದ ಊಟದಲ್ಲಿ ಸುಟ್ಟ ಮಾಂಸದ ಬದಲು ಗೋಡಂಬಿ, ಬಾದಾಮಿ ಥರದ ಬೀಜಗಳಿಂದ ಮಾಡುವ ನಟ್ ರೋಸ್ಟ್ ಇರುತ್ತೆ ಅಂತ ನೀವೇ ಹೇಳಿದ್ರಲ್ಲ, ಅದೇ ಕಾಪಾಡಿತು. ಅದರ ಜೊತೆ ಬಂದ ಯಾರ್ಕ್‌ಷೈರ್ ಪುಡ್ಡಿಂಗ್ ಅಂದರೆ ಸಿಹಿ ಅಂದುಕೊಂಡಿದ್ದೆವು. ಅಲ್ಲವೇ ಅಲ್ಲ! ಅದರಲ್ಲಿ ಮೊಟ್ಟೆ ಬೇರೆ. ಸುಮ್ನೆ ನನ್ನ ತಟ್ಟೆಗೆ ಬಂತು.

ಡಿಶೂಮ್ ಅನ್ನೋ ಇಂಡಿಯನ್ ಹೋಟೆಲ್‌ನ ಕಪ್ಪು ದಾಲ್ ಅಪ್ಪಾಜಿಗೆ ಹಿಡಿಸಿತು. “ಚೆನ್ನಾಗೈತಿ, ಆದ್ರೆ ಬೆಣ್ಣೆ ಅಂದ್ರೆ ನಮ್ಮೂರ್ದೇ” ಅಂದರು.

ಮತ್ತೊಂದು ಇಂಡಿಯನ್ ಹೋಟೆಲ್‌ನಲ್ಲಿ ಮಾತ್ರ ಪೆಚ್ಚಾದೆ. ಬಿಲ್‌ನಲ್ಲಿ 12.5% ಸರ್ವಿಸ್ ಚಾರ್ಜ್ ಆಗಲೇ ಸೇರಿತ್ತು. ನೋಡದೆ ಟಿಪ್ಸ್ ಕೂಡ ಇಟ್ಟು ಬಂದೆ. ಹೋಗುವವರು ಬಿಲ್ ಪೂರ್ತಿ ಓದಿ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಏಳಕ್ಕೇ ಅಪ್ಪಾಜಿ ಬೆಣ್ಣೆ ದೋಸೆ ಹೋಟೆಲ್ ಮುಂದೆ ಹಾಜರ್.